ಅವರೆ ಡಬ್ಬದಲ್ಲಿಟ್ಟ ಹಾಡುಗಳು

ನಮ್ಮ ಮನೆಯ ಬೀರುವಿನ ಮೇಲೆ ಒಂದು ಸ್ಟೀಲ್ ಡಬ್ಬ ಇದೆ. ಮುಚ್ಚಳದ ಮೇಲೆ ಕೆಂಪು ಉಗುರುಬಣ್ಣದಲ್ಲಿ 'ಬಿತ್ತನೆ ಅವರೆ' ಎಂದು ಬರೆದಿದೆ. ಅಕ್ಷರ ನನ್ನದೇ. ಅದನ್ನು ನಂಬಿ ನೀವು ಮುಚ್ಚಳ ತೆಗೆದಿದ್ದರೆ ಮೋಸ ಹೋಗುತ್ತಿದ್ದಿರಿ. ಹೋದ ಧನುರ್ಮಾಸದವರೆಗೂ ಅದರೊಳಗೆ ಇದ್ದದ್ದು ಎರಡು ಹಾರ್ಡ್ ಡಿಸ್ಕು, ಒಂದು ಪೆನ್ ಡ್ರೈವು, ಯಾವ ಯಂತ್ರಕ್ಕೆ ಸೇರಿದ್ದೆಂದು ಯಾರಿಗೂ ಗೊತ್ತಿಲ್ಲದ ಒಂದು ಹಿಡಿ ವೈರು, ಮತ್ತೆ ಒಣಗಿದ ಬೇವಿನ ಎಲೆ. ಬೇವಿನ ಎಲೆ ಯಾಕೆ ಎಂದು ಕೇಳಬೇಡಿ. ನಮ್ಮತ್ತೆ ಅವರೆಗೆ ಹಾಕುತ್ತಿದ್ದರು, ನಾನು ಹಾಡಿಗೆ ಹಾಕಿದೆ.

ಡಬ್ಬ ಅತ್ತೆಯ ಕಾಲದ್ದು. ಸಂಕ್ರಾಂತಿಯ ಆಸುಪಾಸಿನಲ್ಲಿ ಒಣಗಿದ ಅವರೆ ಮನೆಗೆ ಬಂದಾಗ ಅವರು ಜಗಲಿಯಲ್ಲಿ ಮೊರ ಹಿಡಿದು ಕೂತು, ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, ಬಿತ್ತನೆಗೆ ಆಗುವಂಥದ್ದನ್ನು ಬೇರೆ ಮಾಡುತ್ತಿದ್ದರು. ಅದರಲ್ಲಿ ಅರ್ಧ ಈ ಡಬ್ಬಕ್ಕೆ. ಉಳಿದರ್ಧ ಬಟ್ಟೆಯ ಗಂಟಿನಲ್ಲಿ ಹುತ್ತೂರಿಗೆ, ಮಗಳು ರತ್ನಮ್ಮನ ಮನೆಗೆ. ರತ್ನಮ್ಮ ಎಂದರೆ ನಮ್ಮ ಯಜಮಾನರ ತಂಗಿ, ನನ್ನ ನಾದಿನಿ. ಅಲ್ಲಿ ಅವಳದು ಒಂದಿಷ್ಟು ರಾಗಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಮದುವೆಯಾಗಿ ಬಂದ ಹೊಸದರಲ್ಲಿ, ಇದೇನು ಇವರು ಅವರೆಕಾಳನ್ನು ಬಸ್ಸಿನಲ್ಲಿ ಊರೂರು ತಿರುಗಿಸುತ್ತಾರೆ ಎಂದು ನನಗೆ ನಗು. ಕೇಳಿಯೂ ಬಿಟ್ಟೆ.

"ಇಲ್ಲಿ ಹುಳ ಬಿದ್ರೆ ಅಲ್ಲಿರ್ತೈತೆ ಕಣಮ್ಮ. ಅಲ್ಲಿ ಕೆಟ್ರೆ ನಮ್ಮದು ಹೋಗ್ತೈತೆ. ಎಲ್ಲಾ ಒಂದೇ ಮನೇಲಿಟ್ಕೊಂಡು ಕಾವಲು ಕೂರಕ್ಕಾಗ್ತದಾ?" ಎಂದರು ಅತ್ತೆ.

ರತ್ನಮ್ಮನ ಮನೆಯಲ್ಲಿ ಅದು ಸುಮ್ಮನೆ ಕೂತಿರುತ್ತಲೂ ಇರಲಿಲ್ಲ. ರಾಗಿಯ ನಡುವಿನ ಸಾಲಿಗೆ ಬಿತ್ತಿ, ಬೆಳೆದು, ತಿಂದು, ಹಂಚಿ, ಮುಂದಿನ ವರ್ಷ ಹೊಸ ಕಾಳನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಿದ್ದಳು. ಅತ್ತೆ ಹೋದ ಮೇಲೆ ಡಬ್ಬ ಖಾಲಿಯಾಯಿತು. ನಾನು ಶ್ರೀನಿವಾಸಪುರದ ಪ್ರೈಮರಿ ಶಾಲೆಯ ಮೇಡಂ. ಹೊಲವನ್ನು ಬೇರೆಯವರಿಗೆ ಬೆಳೆಯ ಪಾಲಿಗೆ, ವಾರಕ್ಕೆ, ಕೊಟ್ಟಾಗಿತ್ತು. ಕಾಳು ಆರಿಸುವ ತಾಳ್ಮೆಯಂತೂ ನನಗೆ ಮೊದಲಿಂದಲೂ ಇಲ್ಲ. ಗಟ್ಟಿ ಮುಚ್ಚಳದ ಒಳ್ಳೆಯ ಡಬ್ಬ ಸುಮ್ಮನೆ ಬಿದ್ದಿದೆಯಲ್ಲ ಎಂದು ಡಿಸ್ಕುಗಳನ್ನು ಅದರಲ್ಲಿಟ್ಟೆ.

ಈ ಬ್ಯಾಕಪ್ ಎಂಬ ಕೆಲಸ ಇದೆಯಲ್ಲ, ಇದರಷ್ಟು ಸುಸ್ತು ಮಾಡುವ ಇನ್ನೊಂದು ಕೆಲಸವನ್ನು ನಾನು ಕಂಡಿಲ್ಲ. ಪಾತ್ರೆ ತೊಳೆದರೆ ಒಂದು ಹೊತ್ತಿಗಾದರೂ ಮುಗಿಯಿತು ಅನ್ನಿಸುತ್ತದೆ. ಇದು ಮುಗಿದ ದಿನವೇ ಹಳೆಯದಾಗಿರುತ್ತದೆ. ಶಾಲೆಯಲ್ಲಿ ಮಕ್ಕಳ ಹೆಸರುಗಳನ್ನು ಆನ್‌ಲೈನಿಗೆ ಏರಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅದರಿಂದಾಗಿ ಮನೆಯಲ್ಲೂ ಕಂಪ್ಯೂಟರ್ ಬಲ್ಲವಳು ಎಂಬ ಹೆಸರು ಬಂದು, ಮನೆಮಂದಿಯ ಫೋಟೋ, ಮದುವೆ ವಿಡಿಯೋ, ಪಹಣಿಯ ಪ್ರತಿ, ಹಾಡು ಎಲ್ಲವೂ ನನ್ನ ಉಸ್ತುವಾರಿಗೆ ಬಂದವು. ಮೂವತ್ತೊಂದು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಗದರಿದವಳು ಮನೆಗೆ ಬಂದು ಮಾಡುತ್ತಿದ್ದುದು ಅದನ್ನೇ.

ಕಂಪ್ಯೂಟರು ಇನ್ನು ನಾಲ್ಕು ನಿಮಿಷ ಎನ್ನುತ್ತದೆ. ನಂಬಿಕೊಂಡು ಕುಕ್ಕರ್ ಇಡದೆ ಕೂತರೆ ಎರಡು ಗಂಟೆ ಎನ್ನುತ್ತದೆ. ಮುಕ್ಕಾಲು ಮುಗಿಯುವಷ್ಟರಲ್ಲಿ ಕರೆಂಟು ಹೋಗುತ್ತದೆ. ಬಂದ ಮೇಲೆ, ಎಲ್ಲಿಯವರೆಗೆ ಆಗಿತ್ತು ಎಂದು ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮತ್ತೆ ಮೊದಲಿನಿಂದ. ಹೀಗಾಗಿ ಕುರುಡುಮಲೆಯ ದೇವಸ್ಥಾನದ ಮುಂದೆ ನಾವಿಬ್ಬರೂ ಕಣ್ಣು ಮುಚ್ಚಿಕೊಂಡು ನಿಂತಿರುವ ಫೋಟೋ ನನ್ನ ಬಳಿ ಹನ್ನೊಂದು ಪ್ರತಿ ಇತ್ತು. ಕಣ್ಣು ತೆರೆದದ್ದು ಒಂದೂ ಇರಲಿಲ್ಲ. ಫೋಲ್ಡರುಗಳಿಗೆ ನಾನಿಟ್ಟ ಹೆಸರುಗಳನ್ನು ಹೇಳಿದರೆ ನೀವು ನಗುತ್ತೀರಿ. 'ಹೊಸದು', 'ಹೊಸದು ಎರಡು', 'ಇದೇ ಸರಿ', 'ಇದೇ ಸರಿ ಕೊನೆಯದು', 'ಅಳಿಸಬೇಡ'. 'ಅಳಿಸಬೇಡ' ಎಂಬುದರೊಳಗೆ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಳಿಸಿರಲಿಲ್ಲ.

ಮಾಲೂರಿನಲ್ಲಿರುವ ಮಗಳು ಪವಿತ್ರ ಫೋನಿನಲ್ಲಿ, "ಅಮ್ಮ, ಎಲ್ಲಾ ಕ್ಲೌಡ್‌ಗೆ ಹಾಕ್ಬಿಡು, ತಲೆನೋವೇ ಇರಲ್ಲ" ಎನ್ನುತ್ತಿದ್ದಳು. ಮೋಡವನ್ನು ನಂಬಿಕೊಂಡು ಕೂರು ಎಂದು ಕೋಲಾರ ಸೀಮೆಯವಳಿಗೆ ಹೇಳುತ್ತಾಳಲ್ಲ, ಇವಳು ಇಲ್ಲೇ ಹುಟ್ಟಿ ಬೆಳೆದವಳೇ ಎಂದು ಅನುಮಾನ ಬರುತ್ತಿತ್ತು. ಆದರೂ ಹಾಕಿ ನೋಡಿದೆ. ಹದಿನೈದು ದಿನಕ್ಕೆ ಜಾಗ ತುಂಬಿದೆ ಎಂದಿತು. ಸಾಕಪ್ಪ ಎಂದು ಮತ್ತೆ ಡಬ್ಬಕ್ಕೇ ಬಂದೆ.

ಅಚ್ಚುಕಟ್ಟಾಗಿ ತೆಗೆದಿಡುವ ಈ ಹುಚ್ಚು ನಮ್ಮಪ್ಪನಿಂದ ಬಂದದ್ದಿರಬೇಕು. ಮುಳಬಾಗಿಲಿನಲ್ಲಿ ನಮ್ಮದು ಎರಡೇ ಕೋಣೆಯ ಮನೆ. ಅಪ್ಪನ ಬಳಿ ಒಂದು ಟೇಪ್ ರೆಕಾರ್ಡರ್ ಇತ್ತು. ರೇಡಿಯೋದಲ್ಲಿ ಅವರಿಗೆ ಇಷ್ಟವಾದ ಹಾಡು ಬಂದರೆ ಅದನ್ನು ರೇಡಿಯೋದ ಎದುರಿಗೆ ಹಿಡಿದು ಗುಂಡಿ ಒತ್ತುತ್ತಿದ್ದರು. ಆ ಹಾಡು ಮುಗಿಯುವ ತನಕ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಅಮ್ಮ ಒಗ್ಗರಣೆ ಹಾಕುವಂತಿಲ್ಲ. ಬಾಗಿಲು ತಟ್ಟಿದರೆ ತೆರೆಯುವಂತಿಲ್ಲ. ಒಂದು ಸಲ ಇಡೀ ಹಾಡು ಚೆನ್ನಾಗಿ ಬಂದು, ಕೊನೆಯ ಸಾಲಿನಲ್ಲಿ ನಾನು ಸೀನಿಬಿಟ್ಟೆ. ಅಪ್ಪ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟರು. ಹಾಡು ಎಂದರೆ ಅದರಲ್ಲಿ ಹಾಡು ಮಾತ್ರ ಇರಬೇಕು ಎಂದು ನಾನು ಕಲಿತದ್ದು ಆಗ.

ಇನ್ನು ನಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಡಬ್ಬದಲ್ಲಿ ಬೆಲೆಯಿದ್ದ ವಸ್ತು ಎಂದರೆ ಅವರ ಹಾಡುಗಳೇ. ಅವರು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಒಂದನೇ ಸಾರಿ ಎಂದು ಕನ್ನಡದಲ್ಲಿ ಶುರು ಮಾಡಿ, ರೆಂಡೋ ಸಾರಿ ಎಂದು ತೆಲುಗಿಗೆ ಜಾರಿ, ಮೂರನೆಯದನ್ನು ಯಾವ ಭಾಷೆ ಎಂದು ಗೊತ್ತಾಗದ ಹಾಗೆ ಮುಗಿಸುತ್ತಿದ್ದರು. ಮಾವಿನ ಕಾಲ ಮುಗಿದರೂ ಗಂಟಲು ಇಳಿಯುತ್ತಿರಲಿಲ್ಲ. ಮನೆಯಲ್ಲಿ ಉಪ್ಪು ಕೇಳಿದರೂ ಒಂದು ಲೋಡು ತೋತಾಪುರಿಯನ್ನು ಕೂಗಿದ ಹಾಗೇ ಇರುತ್ತಿತ್ತು.

ಅದೇ ಗಂಟಲು ಶನಿವಾರ ಸಂಜೆ ನಮ್ಮ ನಡುಮನೆಯಲ್ಲಿ ಭಜನೆಗೆ ಕೂತರೆ ಬೇರೆಯೇ ಆಗುತ್ತಿತ್ತು. ಒಂದು ಹಾರ್ಮೋನಿಯಂ, ತಾಳ, ಡೋಲಕ್, ಆರೇಳು ಜನ. ಅರ್ಧ ತೆಲುಗು ಅರ್ಧ ಕನ್ನಡದ ಹಳೆಯ ತತ್ವದ ಪದಗಳು. ಸಂಗೀತದಲ್ಲಿ ನಾನು ದಡ್ಡಿ. ಆದರೂ ಅವರು ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ನಿಂತಾಗ ಅಡುಗೆಮನೆಯಲ್ಲಿ ನನ್ನ ಕೈಯೂ ನಿಲ್ಲುತ್ತಿತ್ತು.

ತಕರಾರು ಇದ್ದದ್ದು ಹಾಡಿನ ನಡುವಿನದಕ್ಕೆ. ಒಂದೊಂದು ಪದ ಮುಗಿಯುತ್ತಲೂ, "ಸರೋಜಾ, ಲೇ ಸರೋಜಾ, ಒಂದ್ ಲೋಟ ನೀರ್ ತಗೊಂಬಾರೇ" ಎಂದು ಮಂಡಿಯ ಗಂಟಲಿನಲ್ಲಿ ಕೂಗುತ್ತಿದ್ದರು. ಸ್ವಲ್ಪ ತ‌ಡವಾದರೆ, "ಬಂದ್ಯೇನೇ?" ಎಂದು ಇನ್ನೊಂದು ಸಲ. ಪಕ್ಕದಲ್ಲೇ ಚೊಂಬು ತುಂಬಿಟ್ಟು ನೋಡಿದೆ. ಚೊಂಬಿನ ನೀರು ಹಾಗೇ ಇರುತ್ತಿತ್ತು, ಕೂಗು ಮಾತ್ರ ನಿಲ್ಲುತ್ತಿರಲಿಲ್ಲ.

"ಪಕ್ಕದಲ್ಲೇ ಇದೆಯಲ್ರೀ" ಎಂದರೆ, "ಅದು ಆಗ್ಲೇ ತಂದಿದ್ದು ಕಣೇ" ಎನ್ನುತ್ತಿದ್ದರು.

ದಿನವಿಡೀ ಶಾಲೆಯಲ್ಲಿ ಕಿರುಚಿ, ಸಂಜೆಗೆ ಕಾಲು ಸೆಳೆಯುವ ಹೊತ್ತು. ನನಗೆ ರೇಗಿಹೋಗುತ್ತಿತ್ತು. ನನ್ನ ಹೆಸರು ಸವೆದುಹೋಗುತ್ತದೆ, ಸ್ವಲ್ಪ ಉಳಿಸಿ ಎಂದೂ ಒಮ್ಮೆ ಹೇಳಿದ್ದೆ. ಭಜನೆಯವರೆಲ್ಲ ನಕ್ಕಿದ್ದರು.

ಫೋನನ್ನು ಕಿಟಕಿಯ ಮೇಲಿಟ್ಟು ಆ ಹಾಡುಗಳನ್ನೆಲ್ಲ ನಾನು ರೆಕಾರ್ಡ್ ಮಾಡಿದೆ. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಅವನ್ನು ಕ್ಲೀನ್ ಮಾಡಲು ಕೂತೆ. ಬೇಡದ್ದನ್ನು ಕತ್ತರಿಸಿ ತೆಗೆಯುವ ವಿದ್ಯೆಯನ್ನು ಪವಿತ್ರ ಹೇಳಿಕೊಟ್ಟಿದ್ದಳು. ಕೆಮ್ಮು ತೆಗೆದೆ. ಚಾಪೆ ಎಳೆದ ಸದ್ದು ತೆಗೆದೆ. ಡೋಲಕ್ಕಿನವರ ಹರಟೆ ತೆಗೆದೆ. ನನ್ನ ಹೆಸರನ್ನಂತೂ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಆರಿಸಿ ತೆಗೆದೆ. ಕಾಳು ಆರಿಸುವ ತಾಳ್ಮೆ ಇಲ್ಲದವಳಿಗೆ ಅದಕ್ಕೆ ಎಲ್ಲಿಂದ ತಾಳ್ಮೆ ಬಂತೋ ಕಾಣೆ. ಕೊನೆಗೆ ನಲವತ್ತಮೂರು ಹಾಡುಗಳು ತೊಳೆದಿಟ್ಟ ಹಾಗಾದವು. ಜಾಗ ಉಳಿಯಲಿ ಎಂದು ಮೂಲದ್ದನ್ನು ಅಳಿಸಿದೆ. ಕ್ಲೀನ್ ಆದದ್ದನ್ನು ದೊಡ್ಡ ಡಿಸ್ಕಿಗೊಂದು, ಚಿಕ್ಕ ಡಿಸ್ಕಿಗೊಂದು, ಪೆನ್ ಡ್ರೈವಿಗೊಂದು ಪ್ರತಿ ಮಾಡಿ, ಮೂರನ್ನೂ ಅತ್ತೆಯ ಡಬ್ಬದಲ್ಲಿಟ್ಟು ಮುಚ್ಚಳ ಬಿಗಿ ಮಾಡಿದೆ. ಮುಂದೆ ಹಳೆಯ ಕಂಪ್ಯೂಟರು ಗುಜರಿಗೆ ಹೋಯಿತು, ಹಳೆಯ ಫೋನು ನೀರಿಗೆ ಬಿತ್ತು. ಡಬ್ಬ ಇದೆಯಲ್ಲ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೂರು ವರ್ಷದ ಹಿಂದೆ ಅವರ ಗಂಟಲಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಡಾಕ್ಟರು ಮೊದಲೇ ಹೇಳಿದ್ದರು. ಆ ಓಡಾಟದಲ್ಲಿ ನಮಗೆ ಜೀವ ಉಳಿದರೆ ಸಾಕಾಗಿತ್ತು. ಉಳಿಯಿತು. ಒಳಗೆ ಕರೆದುಕೊಂಡು ಹೋಗುವ ಮೊದಲು ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು ಯಾವುದು ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಕೇಳಿದರೋ, ಫ್ಯಾನು ಜೋರು ಮಾಡು ಎಂದರೋ. ನಾನು ಫೈಲಿನಲ್ಲಿ ಯಾವುದೋ ಕಾಗದ ಹುಡುಕುತ್ತಿದ್ದೆ, ಹೂಂ ಎಂದಿರಬೇಕು.

ಗಂಟಲಿಗೆ ಹಚ್ಚಿಕೊಂಡು ಮಾತಾಡುವ ಬ್ಯಾಟರಿಯ ಯಂತ್ರವೊಂದನ್ನು ಕೊಂಡೆವು. ಇವರು ಒಂದೇ ಸಲ ಹಚ್ಚಿ, ಬಂದ ಸದ್ದನ್ನು ಕೇಳಿ, ಯಂತ್ರವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಸ್ಲೇಟು ಬಂತು. ಮಾತು ಬರೆಯುವುದು ಅದರಲ್ಲಿ. ನೀರು ಬೇಕಾದರೆ ಉಂಗುರದಿಂದ ಲೋಟಕ್ಕೆ ಎರಡು ಏಟು, ಕಾಫಿಗೆ ಮೂರು. ಟಕ್ ಟಕ್ ಎನ್ನುತ್ತದೆ, ನಾನು ತಂದುಕೊಡುತ್ತೇನೆ. ಬಹಳ ಅನುಕೂಲ. ಅಷ್ಟು ವರ್ಷ ಬೇಡ ಬೇಡ ಎಂದ ಕೂಗು ನಿಂತಿದೆ. ಫ್ರಿಜ್ಜು ಯಾವಾಗ ಗುರ್ ಎಂದು ಶುರುವಾಯಿತು ಎಂಬುದೂ ಗೊತ್ತಾಗುವಷ್ಟು ಮನೆ ಶಾಂತವಾಗಿದೆ. ಆ ಶಾಂತಿಯಿಂದ ನನಗೆ ಬರುವ ಆಯಾಸ ಯಾವ ಕೆಲಸದಿಂದಲೂ ಬಂದಿರಲಿಲ್ಲ. ನನ್ನ ಹೆಸರನ್ನು ಅದೇ ಒರಟು ಗಂಟಲಿನಲ್ಲಿ ಇನ್ನೊಂದೇ ಒಂದು ಸಲ ಕೇಳಬೇಕು ಅನ್ನಿಸುತ್ತಿತ್ತು. ಅದನ್ನು ಅವರ ಮುಂದೆ ಹೇಗೆ ಹೇಳುವುದು? ಹೇಳಲಿಲ್ಲ. ಡಬ್ಬ ತೆರೆದು ಕೇಳುವ ಧೈರ್ಯವೂ ಬರಲಿಲ್ಲ. ಎಷ್ಟು ಕತ್ತರಿಸಿದ್ದೆ ಎಂಬುದು ಅಷ್ಟರಲ್ಲಿ ಮರೆತಿತ್ತು. ಎಲ್ಲೋ ಒಂದು ಕಡೆ ಬಿಟ್ಟಿರುತ್ತೇನೆ ಎಂದುಕೊಂಡಿದ್ದೆ.

ಹೋದ ಆಯುಧಪೂಜೆಗೆ ಏನಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ನಮ್ಮಲ್ಲಿ ಅವತ್ತು ಕೆಲಸಕ್ಕೆ ಬರುವ ವಸ್ತುವೆಲ್ಲ ಮೈ ತೊಳೆದುಕೊಂಡು ಕುಂಕುಮ ಇಟ್ಟುಕೊಂಡು ಸಾಲಾಗಿ ಕೂರಬೇಕು. ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಸ್ಕೂಟರು. ಎಲ್ಲಕ್ಕಿಂತ ಬೆಲೆಯುಳ್ಳದ್ದಕ್ಕೇ ಪೂಜೆ ಇಲ್ಲವಲ್ಲ ಎಂದು ಮನಸ್ಸು ಚುರ್ ಎಂದಿತು. ಡಬ್ಬ ಇಳಿಸಿದೆ. ತೊಳೆಯುವಷ್ಟು ಪೆದ್ದಿ ನಾನಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೂರಕ್ಕೂ ಅರಿಶಿನ, ಕುಂಕುಮ, ನೀರಾದ ಗಂಧ. ವೈರು ಸಿಕ್ಕಿಸುವ ಬಾಯಿಗೂ ಒಂದೊಂದು ಬೊಟ್ಟು. ಸೇವಂತಿಗೆ ಇಟ್ಟು, ತೀರ್ಥ ಚಿಮುಕಿಸಿ, ಮಂಗಳಾರತಿ ಎತ್ತಿದೆ. ಪೂಜೆಯ ಹೂವನ್ನು ಕಿತ್ತು ಬಿಸಾಡಬಾರದಲ್ಲ, ಸಂಜೆ ಹೂವಿನ ಸಮೇತ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿ ಮಾಡಿದೆ.

ಧನುರ್ಮಾಸದಲ್ಲಿ ನಮ್ಮೂರ ಭಜನೆಯವರು ನಸುಕಿಗೇ ಬೀದಿ ಬೀದಿಯಲ್ಲಿ ಹಾಡಿಕೊಂಡು ಬರುತ್ತಾರೆ. ಮೊದಲೆಲ್ಲ ಮುಂದೆ ನಿಂತು ಹಾಡು ಎತ್ತಿಕೊಡುತ್ತಿದ್ದವರು ನಮ್ಮ ಯಜಮಾನರೇ. ಈ ಸಲ ಶಾಲು ಹೊದ್ದು ಕಿಟಕಿಯ ಬಳಿ ಕೂತು ಕೇಳಿಸಿಕೊಂಡರು. ತಂಡ ತಿರುವು ದಾಟಿದ ಮೇಲೆ ಸ್ಲೇಟು ಎಳೆದುಕೊಂಡು ಬರೆದರು: 'ನನ್ನವು ಇವೆಯಾ?'

ಮೂರು ವರ್ಷದಲ್ಲಿ ಮೊದಲನೆಯ ಸಲ ಕೇಳಿದ್ದು.

"ಇರದೆ ಎಲ್ಲಿ ಹೋಗ್ತವೆ? ಮೂರು ಮೂರು ಕಾಪಿ ಇಟ್ಟಿದೀನಿ" ಎಂದು ಗತ್ತಿನಿಂದ ಡಬ್ಬ ಇಳಿಸಿದೆ. ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ. ಸೇವಂತಿಗೆ ಕೊಳೆತು ಕಪ್ಪು ಮುದ್ದೆಯಾಗಿ ಡಿಸ್ಕುಗಳಿಗೆ ಅಂಟಿಕೊಂಡಿತ್ತು. ಸಿಕ್ಕಿಸುವ ಬಾಯಿಗಳಲ್ಲಿ ಹಸಿರು ಕಿಲುಬು. ಒಂದಾದ ಮೇಲೊಂದು ಸಿಕ್ಕಿಸಿ ನೋಡಿದೆ. ಮೂರೂ ಉಸಿರೆತ್ತಲಿಲ್ಲ. ಅವರು ಸ್ಲೇಟು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ಕೋಲಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಮಾರನೆಯ ದಿನವೇ ಬಸ್ಸು ಹತ್ತಿದೆ. ಅವರು ಕನ್ನಡಕ ಏರಿಸಿ, ಡಿಸ್ಕನ್ನು ಬೆಳಕಿಗೆ ಹಿಡಿದರು.

"ಏನ್ ಮೇಡಂ ಹಾಕಿದ್ರಿ ಇದಕ್ಕೆ?"

"ಕುಂಕುಮ."

"ಇದು?"

"ಗಂಧ. ಅದು ಸೇವಂತಿಗೆ."

"ಮಂಗಳಾರತಿ ಒಂದು ಬಾಕಿ ಅನ್ನಿ" ಎಂದರು.

"ಮಾಡಿದ್ದೆ" ಎಂದೆ.

ಅವರು ನಗಲಿಲ್ಲ, ಅದು ಅವರ ದೊಡ್ಡತನ. "ಬೇರೆ ಬೇರೆ ಕಡೆ ಇಟ್ಟಿದ್ರೆ ಒಂದಾದ್ರೂ ಉಳೀತಿತ್ತು ಮೇಡಂ. ಮೂರೂ ಒಂದೇ ಡಬ್ಬದಲ್ಲಿಟ್ರೆ ಅದು ಮೂರಲ್ಲ, ಒಂದೇ. ಬಿಟ್ಟು ಹೋಗಿ, ನೋಡೋಣ" ಎಂದರು. ಅತ್ತೆ ಇದನ್ನೇ ಅವರೆಕಾಳಿಗೆ ಹೇಳಿದ್ದರು. ಕಂಪ್ಯೂಟರ್ ಬಲ್ಲ ಸೊಸೆ ನಕ್ಕಿದ್ದಳು.

ಹತ್ತು ದಿನ ಹೋಯಿತು. ಆ ಹತ್ತು ದಿನವೂ ಮನೆಯಲ್ಲಿ ಸ್ಲೇಟಿನ ಮೇಲೆ ಹಾಡಿನ ವಿಷಯ ಬರಲಿಲ್ಲ. ಅವರು ಕೇಳದೆ ಇದ್ದದ್ದೇ ನನಗೆ ಹೆಚ್ಚು ಕಷ್ಟವಾಯಿತು. ಹನ್ನೊಂದನೆಯ ದಿನ ಫೋನು ಬಂತು. ದೊಡ್ಡದು ಹೋಯಿತು, ಪೆನ್ ಡ್ರೈವೂ ಹೋಯಿತು, ಚಿಕ್ಕದರಲ್ಲಿದ್ದ ಹಾಡುಗಳು ಮಾತ್ರ ಬಂದಿವೆ ಎಂದರು ರಿಪೇರಿಯವರು. ಬಸ್ಸು ಹತ್ತಿ ಹೋಗಿ ನೋಡಿದರೆ ನಲವತ್ತಮೂರೂ ಬಂದಿದ್ದವು. ಅವರ ಅಂಗಡಿಯಲ್ಲೇ ಕೂತು ಒಂದು ಲೋಟ ನೀರು ಇಸಿದುಕೊಂಡು ಕುಡಿದೆ.

ಮನೆಗೆ ಬಂದು, ಊಟವಾದ ಮೇಲೆ, ಫೋನಿಗೆ ಹಾಕಿಕೊಂಡು ಇಬ್ಬರೂ ಕೇಳಲು ಕೂತೆವು. ಅವರು ಕಣ್ಣು ಮುಚ್ಚಿ ಮಂಡಿಯ ಮೇಲೆ ತಾಳ ಹಾಕುತ್ತಿದ್ದರು. ಮೂರನೆಯದು ಮುಗಿದಾಗ ಸ್ಲೇಟಿನಲ್ಲಿ 'ಶ್ರುತಿ ಬಿಟ್ಟಿದ್ದೀನಿ' ಎಂದು ಬರೆದು ನಕ್ಕರು. ನಾನು ಹಾಡು ಕೇಳುತ್ತಿರಲಿಲ್ಲ. ಒಂದೊಂದೂ ಮುಗಿಯುವುದನ್ನು ಕಾಯುತ್ತಿದ್ದೆ. ಹಾಡು ಮುಗಿಯುತ್ತಿತ್ತು, ಕತ್ತರಿ ಹಾಕಿದ ಹಾಗೆ ನಿಲ್ಲುತ್ತಿತ್ತು, ಇನ್ನೊಂದು ಶುರುವಾಗುತ್ತಿತ್ತು. ಎಲ್ಲೂ ಒಂದು ಕೆಮ್ಮಿಲ್ಲ. ಹತ್ತು ಮುಗಿದವು, ಇಪ್ಪತ್ತು ಮುಗಿದವು, ಬಿಸಿಲು ಬಾಗಿಲಿನಿಂದ ಗೋಡೆಗೆ ಹೋಯಿತು. ನಲವತ್ತಮೂರನೆಯದೂ ಮುಗಿಯಿತು. ನನ್ನ ಹೆಸರು ಎಲ್ಲೂ ಇರಲಿಲ್ಲ. ಬಹಳ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೆ.

'ಯಾಕೆ ಅಳ್ತೀಯ? ಎಲ್ಲಾ ಬಂತಲ್ಲ' ಎಂದು ಬರೆದು ತೋರಿಸಿದರು.

"ಎಲ್ಲಾ ಬಂತು ಕಣ್ರೀ, ಅದಕ್ಕೇ" ಎಂದೆ.

ಆಮೇಲಿನ ದಿನಗಳಲ್ಲಿ ನನಗೆ ಯಾವುದರ ಮೇಲೂ ಮನಸ್ಸಿರಲಿಲ್ಲ. ಹೊಸ ಡಿಸ್ಕು ತಗೋ ಎಂದು ಪವಿತ್ರ ಹೇಳಿದರೆ, ತಗೊಂಡು ಏನು ಹಾಕಲಿ ಎಂದೆ. ಕುರುಡುಮಲೆಯ ಮುಚ್ಚಿದ ಕಣ್ಣುಗಳು ಹನ್ನೊಂದೂ ಹೋಗಿದ್ದವು, 'ಅಳಿಸಬೇಡ'ವೂ ಹೋಗಿತ್ತು, ಯಾವುದಕ್ಕೂ ದುಃಖವಾಗಲಿಲ್ಲ. ಇಷ್ಟು ವರ್ಷ ಎಷ್ಟೊಂದನ್ನು ಕಾಪಾಡಿದೆ, ಬೇಕಾಗಿದ್ದ ಒಂದನ್ನು ಕೈಯಾರೆ ತೆಗೆದು ಹಾಕಿದೆ. ಡಬ್ಬವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ರತ್ನಮ್ಮ ಫೋನು ಮಾಡಿದಳು. ಪ್ರತಿ ವರ್ಷವೂ ಮಾಡುತ್ತಾಳೆ, ಪ್ರತಿ ವರ್ಷವೂ ನಾನು ಬೇಡ ಎನ್ನುತ್ತೇನೆ.

"ಅತ್ತಿಗೆ, ಬಿತ್ತನೆ ಅವರೆ ಗಂಟು ಕಟ್ಟಿ ಮಡಗಿದೀನಿ. ಅಮ್ಮನ ಕಾಳು ಇದು, ನಿಮ್ಮನೇಲಿ ಒಂದೂ ಉಳಿದಿಲ್ವಲ್ಲ. ಈ ಸಲನಾದ್ರೂ ಕಳಿಸ್ಲಾ?"

ಗಂಟು ಎನ್ನುತ್ತಲೇ ನನಗೆ ನೆನಪಾಯಿತು. ಅತ್ತೆಯ ಕೊನೆಯ ಸಂಕ್ರಾಂತಿಗೆ ಹುತ್ತೂರಿಗೆ ಹೋದ ಅವರೆ ಗಂಟಿನೊಳಗೆ ಕಾಗದದಲ್ಲಿ ಸುತ್ತಿದ ಒಂದು ಮೆಮೊರಿ ಕಾರ್ಡೂ ಹೋಗಿತ್ತು. ಅಣ್ಣನ ಹಾಡು ಬೇಕು ಎಂದು ರತ್ನಮ್ಮ ದುಂಬಾಲು ಬಿದ್ದಿದ್ದಳು. ಆಗಿನ್ನೂ ನನಗೆ ಕ್ಲೀನ್ ಮಾಡುವ ಹುಚ್ಚು ಹಿಡಿದಿರಲಿಲ್ಲ. ನಾಲ್ಕಾರು ಶನಿವಾರಗಳನ್ನು ಫೋನಿನಲ್ಲಿ ಇದ್ದ ಹಾಗೇ ತುಂಬಿ ಕೊಟ್ಟಿದ್ದೆ. ಕ್ಲೀನ್ ಮಾಡಿದ ಮೇಲೆ, ಅದು ಗಲೀಜಾಗಿದೆ ಬಿಸಾಡು, ಒಳ್ಳೆಯದು ಕೊಡುತ್ತೇನೆ ಎಂದು ಅವಳಿಗೆ ಹೇಳಿದ್ದೆ. ಒಳ್ಳೆಯದನ್ನು ಕೊಡಲೂ ಇಲ್ಲ.

"ರತ್ನಾ, ಆವಾಗ ಒಂದು ಕಾರ್ಡು ಕೊಟ್ಟಿದ್ದೆನಲ್ಲ."

"ಅಣ್ಣಯ್ಯಂದಾ? ಐತಲ್ಲ. ಹುಳದ ಮನೇಲಿ ದಿನಾ ಹಾಕ್ತೀನಿ."

"ಬಿಸಾಡು ಅಂದಿದ್ದೆ."

"ಹಾಡ್ತಾ ಇರೋದನ್ನ ಯಾರಾದ್ರೂ ಬಿಸಾಕ್ತಾರಾ ಅತ್ತಿಗೆ?"

ಅದರಲ್ಲಿ ಮಾತೂ ಇದೆಯಾ ಎಂದು ಕೇಳಬೇಕೆಂದು ಬಾಯಿಗೆ ಬಂತು. ಕೇಳಲಿಲ್ಲ. ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆ. ಕಾರ್ಡನ್ನು ತಂದುಕೊಡುತ್ತೀಯಾ ಎಂದಷ್ಟೇ ಕೇಳಿದೆ.

"ಅಯ್ಯೋ, ಹುಳ ನಾಲ್ಕನೇ ಜ್ವರ ಎದ್ದೈತೆ. ಹಗಲೂ ಇಲ್ಲ, ರಾತ್ರಿನೂ ಇಲ್ಲ, ಸೊಪ್ಪು ಹಾಕಿದ್ದೇ ಹಾಕಿದ್ದು. ಬಿಟ್ಟು ಬರಕ್ಕಾಗಲ್ಲ. ನೀವಿಬ್ರೂ ಬನ್ನಿ, ಹಿತಕಿದ ಬೇಳೆ ಸಾರು ಮಾಡ್ತೀನಿ."

ಹುಳುಗಳು ಪೊರೆ ಬಿಡುವಾಗ ಮೇವು ತಿನ್ನದೆ ಸುಮ್ಮನಿರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವಕ್ಕೆ ಎಲ್ಲಿಲ್ಲದ ಹಸಿವು. ಆಗ ಸಾಕುವವರು ಮನೆ ಬಿಟ್ಟು ಕದಲುವಂತಿಲ್ಲ.

ಹೋಗೋಣವಾ ಎಂದು ಇವರನ್ನು ಕೇಳಿದೆ. ಗಂಟಲಿನ ತೂತು ಮುಚ್ಚಲು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಆಗಲೇ ಚಪ್ಪಲಿ ಮೆಟ್ಟಿದರು. ಆಪರೇಷನ್ ಆದಾಗಿನಿಂದ ತಂಗಿಯ ಮನೆಗೆ ಹೋಗಿರಲಿಲ್ಲ. ಕೋಲಾರಕ್ಕೆ ಒಂದು ಬಸ್ಸು, ಅಲ್ಲಿಂದ ಹುತ್ತೂರಿಗೆ ಇನ್ನೊಂದು. ದಾರಿಯಲ್ಲಿ ಮಾವಿನ ಮರಗಳು ಹೂ ಬಿಟ್ಟು ನಿಂತಿದ್ದವು. ಇವರು ಕಿಟಕಿಯಲ್ಲಿ ಒಂದೊಂದೇ ತೋಪನ್ನು ನೋಡಿ, ಈ ಸಲ ಫಸಲು ಹೇಗೆ ಎಂದು ಕೈಯಲ್ಲೇ ಹೇಳುತ್ತಿದ್ದರು. ಮಾತು ಬಾರದವರಿಗೆ ಕಿವಿಯೂ ಕೇಳುವುದಿಲ್ಲ ಎಂದುಕೊಂಡು ಕಂಡಕ್ಟರು ಇವರ ಕಿವಿಗೇ ಬಾಯಿಟ್ಟು ಕೂಗಿದ. ನನಗೆ ದಣಿವಾಗಿತ್ತು. ಏನೂ ಇರದಿದ್ದರೆ ಹೊಟ್ಟೆ ತುಂಬ ಉಂಡು ಅವರೆ ತೆಗೆದುಕೊಂಡು ಬರೋಣ ಎಂದು ಮನಸ್ಸಿಗೆ ಹೇಳಿಕೊಂಡೆ.

ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಿಲಿಗೆ ಹೋದೆವು. ಹುಳದ ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿತ್ತು. ಹೊರಗಿನಿಂದ ಬಂದವರು ಅದನ್ನು ದಾಟಿ ಒಳಗೆ ಹೋಗಬಾರದು, ಹುಳುಗಳಿಗೆ ರೋಗ ತಗಲುತ್ತದೆ ಎಂದು ನಮಗೂ ಗೊತ್ತು. ಬಾಗಿಲಿಗೆ ಬಲೆಯ ಪರದೆ. ಅದರಾಚೆ ರತ್ನಮ್ಮ ನಮಗೆ ಬೆನ್ನು ಮಾಡಿ ಸೊಪ್ಪು ಹರಡುತ್ತಿದ್ದಳು. ಮೊಳೆಗೆ ತಗುಲಿಸಿದ್ದ ಪುಟ್ಟ ಸ್ಪೀಕರಿನಿಂದ ಹಾಡು ಬರುತ್ತಿತ್ತು. ಅವರದೇ ಗಂಟಲು. ಕೂಗಿ ಕರೆಯಲು ಹೋದ ನನ್ನ ಕೈಯನ್ನು ಇವರು ಹಿಡಿದರು. ಇಬ್ಬರೂ ಸುಣ್ಣದ ಗೆರೆಯ ಈಚೆ ನಿಂತೆವು. ಇವರ ಬೆರಳು ಬಾಗಿಲ ಚೌಕಟ್ಟಿನ ಮೇಲೆ ಸದ್ದಿಲ್ಲದೆ ತಾಳ ಹಾಕುತ್ತಿತ್ತು.

ಹಾಡು ಮೇಲಿನ ಸ್ವರಕ್ಕೆ ಹೋಯಿತು, ಅಲ್ಲಿ ನಿಂತಿತು, ಇಳಿಯಿತು, ಮುಗಿಯಿತು. ಈಗ ಕತ್ತರಿ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

ಕತ್ತರಿ ಬೀಳಲಿಲ್ಲ. ಕೆಮ್ಮು ಬಂತು. ಯಾರೋ ಚಾಪೆ ಎಳೆದರು. ಡೋಲಕ್ಕಿನವರು ಏನೋ ಹೇಳಿ ನಾಲ್ಕು ಜನ ನಕ್ಕರು. ದೂರದಲ್ಲಿ ಒಂದು ತಟ್ಟೆ ಬಿತ್ತು. ಅದು ನಮ್ಮ ಅಡುಗೆಮನೆ, ಬೀಳಿಸಿದವಳು ನಾನು.

"ಸರೋಜಾ, ಲೇ ಸರೋಜಾ, ಒಂದ್ ಲೋಟ ನೀರ್ ತಗೊಂಬಾರೇ."

"ಬಂದೇ, ಇರ್ರೀ" ಎಂದುಬಿಟ್ಟೆ.

ಜೋರಾಗಿಯೇ ಅಂದಿರಬೇಕು. ರತ್ನಮ್ಮ ಸೊಪ್ಪು ಹಿಡಿದುಕೊಂಡೇ ತಿರುಗಿ ನೋಡಿ ಹಾಗೇ ನಿಂತಳು. ಪಕ್ಕದಲ್ಲಿದ್ದ ಇವರು ನನ್ನ ಮುಖ ನೋಡಿದರು. ಮೂರು ವರ್ಷದಿಂದ ನಾನು ಹೇಳದೆ ಇದ್ದದ್ದು ಅವರಿಗೆ ಆಗ ತಿಳಿಯಿತು. ಲೋಟ ಇರಲಿಲ್ಲ, ಸ್ಲೇಟೂ ಇರಲಿಲ್ಲ. ಅವರು ಚೌಕಟ್ಟಿಗೆ ಉಂಗುರದಿಂದ ಎರಡು ಏಟು ಹಾಕಿದರು.

ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ಕೊಟ್ಟೆ. ಸ್ವಲ್ಪ ಅವರ ಅಂಗಿಯ ಮೇಲೆ ಚೆಲ್ಲಿತು. ಅವರು ತಲೆಯೆತ್ತಿ ಕುಡಿಯತೊಡಗಿದರು.

ಸ್ಪೀಕರಿನ ಒಳಗಿನವರಿಗೆ ಇನ್ನೂ ನೀರು ಸಿಕ್ಕಿರಲಿಲ್ಲ. "ಬಂದ್ಯೇನೇ?" ಎಂದರು.

"ಕೊಟ್ಟೆ ಕಣ್ರೀ, ಕುಡೀತಾ ಇದ್ದೀರಿ" ಎಂದೆ.